ಅರ್ಜಿ ವಜಾ, ಸಮಸ್ಯೆ ಹಾಗೇ: ರಾಯಭಾರಿ ಸಿ.ಬಿ. ಮುತ್ತಮ್ಮ ಸರ್ಕಾರದ ಮೇಲೆ ಹಾಕಿದ ಕೇಸು

1979ರ ಸೆಪ್ಟೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ರಿಟ್ ಅರ್ಜಿಯನ್ನು ವಜಾ ಮಾಡಿತು. ಅರ್ಜಿ ಹಾಕಿದವರು ಮೂರು ದಶಕದಿಂದ ಭಾರತ ಸರ್ಕಾರದ ಪರವಾಗಿ ಹೊರದೇಶಗಳಲ್ಲಿ ಮಾತನಾಡುತ್ತಾ ಬಂದಿದ್ದ ರಾಯಭಾರಿ. ಎದುರು ಪಕ್ಷ ಅದೇ ಭಾರತ ಸರ್ಕಾರ. ವಜಾ ಆದ ಅರ್ಜಿಯನ್ನು ಸಾಮಾನ್ಯವಾಗಿ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಇದನ್ನು ಮಾತ್ರ ಕಾನೂನು ಓದುವವರು ಇವತ್ತಿಗೂ ಓದುತ್ತಾರೆ. ಸಿ.ಬಿ. ಮುತ್ತಮ್ಮ ವರ್ಸಸ್ ಭಾರತ ಒಕ್ಕೂಟ.

ಈ ಪ್ರಕರಣದ ಬಗ್ಗೆ ಬರೆಯುವವರು ಹೆಚ್ಚಾಗಿ ಮದುವೆಯ ನಿಯಮದ ಸುತ್ತಲೇ ಸುತ್ತುತ್ತಾರೆ. ವಿದೇಶಾಂಗ ಸೇವೆಯ ಹೆಣ್ಣುಮಗಳು ಮದುವೆಯಾಗಲು ಸರ್ಕಾರದ ಅನುಮತಿ ಕೇಳಬೇಕಿತ್ತು ಅನ್ನುವ ಸಂಗತಿಯೇ ಅಷ್ಟು ವಿಚಿತ್ರ, ಬೇರೆ ಯಾವುದಕ್ಕೂ ಗಮನ ಹೋಗುವುದಿಲ್ಲ. ಆದರೆ ಮುತ್ತಮ್ಮನವರನ್ನು ಕೊನೆಗೆ ಕೋರ್ಟಿನ ಮೆಟ್ಟಿಲು ಹತ್ತಿಸಿದ್ದು ಮದುವೆಯಲ್ಲ, ಬಡ್ತಿ. ಅವರಿಗೆ ಅರ್ಹತೆ ಸಾಲದು ಎಂದು ಒಂದು ಸಮಿತಿ ತೀರ್ಮಾನಿಸಿತ್ತು. ಮದುವೆಯ ನಿಯಮ ಕಾಗದದ ಮೇಲಿತ್ತು, ಬೊಟ್ಟು ಮಾಡಿ ತೋರಿಸಬಹುದಿತ್ತು. ‘ಅರ್ಹತೆ ಸಾಲದು’ ಅನ್ನುವುದನ್ನು ಎಲ್ಲಿ ಹಿಡಿಯುವುದು? ಈ ಪ್ರಕರಣದ ಗಟ್ಟಿ ಭಾಗ ಅಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ.

ವಿರಾಜಪೇಟೆಯಿಂದ ದೆಹಲಿಗೆ

ಚೋನಿರ ಬೆಳ್ಳಿಯಪ್ಪ ಮುತ್ತಮ್ಮ ಹುಟ್ಟಿದ್ದು 1924ರ ಜನವರಿ 24ರಂದು, ಕೊಡಗಿನ ವಿರಾಜಪೇಟೆಯಲ್ಲಿ. ಅಪ್ಪ ಅರಣ್ಯ ಇಲಾಖೆಯ ಅಧಿಕಾರಿ. ಮಗಳಿಗೆ ಒಂಬತ್ತು ವರ್ಷ ಆಗಿದ್ದಾಗ ತೀರಿಕೊಂಡರು. ನಾಲ್ಕು ಮಕ್ಕಳನ್ನು ಓದಿಸುವ ಹೊರೆ ತಾಯಿಯ ಮೇಲೆ ಬಿತ್ತು. ಅವರು ಹಿಂದೆ ಸರಿಯಲಿಲ್ಲ. ಮಡಿಕೇರಿಯಲ್ಲಿ ಶಾಲೆ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ, ಅಲ್ಲಿಯೇ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ.

1948ರಲ್ಲಿ ಮುತ್ತಮ್ಮ ಸಿವಿಲ್ ಸರ್ವಿಸಸ್ ಪರೀಕ್ಷೆ ಪಾಸಾದರು. ಹಾಗೆ ಪಾಸಾದ ಮೊದಲ ಮಹಿಳೆ ಅವರು. ಆಗ ಪರೀಕ್ಷೆ ನಡೆಸುತ್ತಿದ್ದ ಸಂಸ್ಥೆಯ ಹೆಸರು ಫೆಡರಲ್ ಪಬ್ಲಿಕ್ ಸರ್ವಿಸ್ ಕಮಿಷನ್. ಅದು ಯುಪಿಎಸ್‌ಸಿ ಆದದ್ದು 1950ರಲ್ಲಿ. ಇನ್ನೊಂದು ಮಾತು: ಆ ಹೊತ್ತಿಗೆ ಕೊಡಗು ನಮ್ಮ ರಾಜ್ಯದ ಭಾಗವೇ ಆಗಿರಲಿಲ್ಲ. ಮೈಸೂರಿಗೆ ಸೇರಿದ್ದು 1956ರಲ್ಲಿ. ಹಾಗಾಗಿ ‘ಕರ್ನಾಟಕದ ಹೆಮ್ಮೆ’ ಎಂದು ನಾವು ಬೀಗುವುದು ಸ್ವಲ್ಪ ತಡವಾಗಿ ಬಂದ ಹಕ್ಕು.

ಸಂದರ್ಶನ ಮಂಡಳಿ ಅವರನ್ನು ವಿದೇಶಾಂಗ ಸೇವೆಯಿಂದ ದೂರ ಇಡಲು ನೋಡಿತು. ಅದು ಹೆಂಗಸರಿಗೆ ಹೊಂದುವ ಕೆಲಸ ಅಲ್ಲ ಅನ್ನುವುದು ಅವರ ವಾದ. ಮಂಡಳಿಯ ಅಧ್ಯಕ್ಷರೂ ತಮ್ಮ ಮನಸ್ಸು ಬದಲಾಯಿಸಲು ನೋಡಿದರು ಎಂದು ಮುತ್ತಮ್ಮ ಮುಂದೆ ತಮ್ಮ ಅರ್ಜಿಯಲ್ಲೇ ಬರೆದರು. ಅವರು ಜಗ್ಗಲಿಲ್ಲ. 1949ರಲ್ಲಿ ಸೇವೆಗೆ ಸೇರಿದರು. ಸೇರುವಾಗ ಒಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ.

ಇದರ ಪಕ್ಕದಲ್ಲಿ ಇನ್ನೊಂದು ಸಂದರ್ಶನವನ್ನು ಇಟ್ಟು ನೋಡಬೇಕು. ಐಎಎಸ್‌ನ ಮೊದಲ ಮಹಿಳೆಯರಲ್ಲಿ ಒಬ್ಬರಾದ ಅನ್ನಾ ಜಾರ್ಜ್, ಮುಂದೆ ಅನ್ನಾ ರಾಜಮ್ ಮಲ್ಹೋತ್ರಾ, 1951ರ ಬ್ಯಾಚಿನವರು. ಅವರು ಐಎಎಸ್ ಬೇಕು ಅಂದಾಗ ಮಂಡಳಿ ಕೊಟ್ಟ ಸಲಹೆ ಏನು ಗೊತ್ತಾ? ವಿದೇಶಾಂಗ ಸೇವೆಗೋ ಕೇಂದ್ರ ಸೇವೆಗಳಿಗೋ ಹೋಗಿ, ಅವು ಹೆಂಗಸರಿಗೆ ಹೊಂದುತ್ತವೆ! ಎರಡು ಮೂರು ವರ್ಷದಲ್ಲಿ ವಿದೇಶಾಂಗ ಸೇವೆ ಹೆಂಗಸರಿಗೆ ಹೊಂದದ್ದರಿಂದ ಹೊಂದುವಂಥದ್ದಾಗಿ ಬದಲಾಗಿತ್ತಾ? ಇಲ್ಲ. ಯಾವ ಬಾಗಿಲು ತಟ್ಟಿದರೂ ಪಕ್ಕದ ಬಾಗಿಲು ತೋರಿಸುವುದು ಅಭ್ಯಾಸ ಆಗಿತ್ತು, ಅಷ್ಟೇ.

ಮುಚ್ಚಳಿಕೆಯ ಬಗ್ಗೆ ಒಂದು ರಿಯಾಯಿತಿ ಕೊಡಬಹುದು. 1949ರಲ್ಲಿ ಸಂವಿಧಾನ ಇನ್ನೂ ಜಾರಿಗೆ ಬಂದಿರಲಿಲ್ಲ. ಬ್ರಿಟಿಷರ ಐಸಿಎಸ್ ಕಾಲದ ಗಂಡಸರ ಜಗತ್ತು ಆಗಷ್ಟೇ ಹೊಸ ಹೆಸರು ಹಾಕಿಕೊಂಡಿತ್ತು. ಹಳೆಯ ಚಾಳಿ ಅಂತ ಬಿಡಬಹುದು. ಆದರೆ 1961ರಲ್ಲಿ ಬರೆದದ್ದಕ್ಕೆ ಏನು ಹೇಳುವುದು?

1961ರ ಎರಡು ನಿಯಮ

ಸಂವಿಧಾನ ಬಂದು ಹನ್ನೊಂದು ವರ್ಷ ಆಗಿತ್ತು. ವಿಧಿ 14 ಕಾನೂನಿನ ಮುಂದೆ ಎಲ್ಲರೂ ಸಮಾನ ಅನ್ನುತ್ತಿತ್ತು. ವಿಧಿ 16 ಸರ್ಕಾರಿ ಕೆಲಸದಲ್ಲಿ ಲಿಂಗದ ಕಾರಣಕ್ಕೆ ಭೇದ ಮಾಡಬಾರದು ಅನ್ನುತ್ತಿತ್ತು. ಅದನ್ನೆಲ್ಲ ಓದಿಕೊಂಡ ಅಧಿಕಾರಿಗಳೇ ಕೂತು ವಿದೇಶಾಂಗ ಸೇವೆಗೆ ಹೊಸದಾಗಿ ನಿಯಮ ಬರೆದರು. ನೇಮಕಾತಿ ಮತ್ತು ಬಡ್ತಿಯ ನಿಯಮಗಳಲ್ಲಿ 18(4) ಹೀಗೆ ಹೇಳಿತು: ಮದುವೆಯಾದ ಯಾವ ಹೆಣ್ಣಿಗೂ ಈ ಸೇವೆಗೆ ನೇಮಕವಾಗುವ ಹಕ್ಕಿಲ್ಲ. ನಡತೆ ಮತ್ತು ಶಿಸ್ತಿನ ನಿಯಮಗಳಲ್ಲಿ 8(2) ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೇವೆಯಲ್ಲಿರುವ ಮಹಿಳೆ ಮದುವೆಗೆ ಮೊದಲು ಸರ್ಕಾರದಿಂದ ಲಿಖಿತ ಅನುಮತಿ ಪಡೆಯಬೇಕು. ಮದುವೆಯ ನಂತರ ಯಾವಾಗ ಬೇಕಾದರೂ, ಮನೆ ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾಗಬಹುದು ಎಂದು ಸರ್ಕಾರಕ್ಕೆ ಅನ್ನಿಸಿದರೆ, ರಾಜೀನಾಮೆ ಕೇಳಬಹುದು.

‘ಅಡ್ಡಿಯಾದರೆ’ ಅಲ್ಲ, ‘ಅಡ್ಡಿಯಾಗಬಹುದು’ ಎಂದು ಅನ್ನಿಸಿದರೆ ಸಾಕು. ಕೆಲಸ ಕೆಟ್ಟಿತು ಎಂದು ತೋರಿಸುವ ಅಗತ್ಯವೇ ಇಲ್ಲ.

ಇದರಲ್ಲಿ ಒಂದು ದೊಡ್ಡ ವಿರೋಧಾಭಾಸ ಇತ್ತು. ಆ ಕಾಲದ ರಾಜತಾಂತ್ರಿಕ ಜೀವನ ನಡೆಯುತ್ತಿದ್ದದ್ದೇ ಅಧಿಕಾರಿಯ ಹೆಂಡತಿಯ ದುಡಿಮೆಯ ಮೇಲೆ. ರಾಯಭಾರಿಯ ಮನೆ ಎಂದರೆ ಅರ್ಧ ಕಚೇರಿ. ಔತಣಕೂಟ, ಅತಿಥಿ ಸತ್ಕಾರ, ಬೇರೆ ದೇಶದ ರಾಯಭಾರಿಗಳ ಮನೆಯವರ ಜೊತೆ ಒಡನಾಟ, ಇದೆಲ್ಲ ಸಂಬಳವಿಲ್ಲದೆ ಹೆಂಡತಿಯಿಂದ ನಡೆಯುತ್ತಿತ್ತು. ಗಂಡು ಅಧಿಕಾರಿ ಮದುವೆಯಾದರೆ ಸರ್ಕಾರಕ್ಕೆ ಒಂದು ಸಂಬಳಕ್ಕೆ ಇಬ್ಬರು ಸಿಕ್ಕಂತೆ. ಹೆಣ್ಣು ಅಧಿಕಾರಿ ಮದುವೆಯಾದರೆ ಅದೇ ಸಂಸಾರ ಹೊರೆ. ಮದುವೆಯಾಗದೇ ಉಳಿದ ಹೆಣ್ಣು ಅಧಿಕಾರಿ ಎರಡೂ ಕೆಲಸವನ್ನು ಒಬ್ಬರೇ ಮಾಡಬೇಕು. ಅದನ್ನು ಯಾವ ನಿಯಮವೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಭಾರತ ಮಾತ್ರ ಹೀಗಿತ್ತು ಅಂದುಕೊಳ್ಳಬೇಡಿ. ಬ್ರಿಟನ್ ತನ್ನ ವಿದೇಶಾಂಗ ಸೇವೆಗೆ ಹೆಂಗಸರನ್ನು ಸೇರಿಸಿಕೊಂಡದ್ದೇ 1946ರಲ್ಲಿ. ಮದುವೆಯಾದರೆ ಕೆಲಸ ಬಿಡಬೇಕು ಅನ್ನುವ ನಿಯಮ ಅಲ್ಲಿ 1970ರ ದಶಕದ ಆರಂಭದವರೆಗೂ ಇತ್ತು. ಅಮೆರಿಕದಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೋಯಿತು. ನಮ್ಮವರು ಹೊರಗಿನಿಂದ ಅನೇಕ ಸಂಗತಿಗಳನ್ನು ಕಲಿತಿದ್ದರು, ಇದನ್ನೂ ಕಲಿತಿದ್ದರು. ವ್ಯತ್ಯಾಸ ಏನೆಂದರೆ ಬ್ರಿಟನ್ನಿಗೆ ಲಿಖಿತ ಸಂವಿಧಾನ ಇಲ್ಲ. ನಮಗೆ ಇತ್ತು.

ಹುದ್ದೆ ಬೇರೆ, ಗ್ರೇಡ್ ಬೇರೆ

ಮುತ್ತಮ್ಮನವರ ಮೊದಲ ಪೋಸ್ಟಿಂಗ್ ಪ್ಯಾರಿಸ್. ಆಮೇಲೆ ರಂಗೂನ್, ಲಂಡನ್. ದೆಹಲಿಯಲ್ಲಿದ್ದಾಗ ಪಾಕಿಸ್ತಾನ ಮತ್ತು ಅಮೆರಿಕಕ್ಕೆ ಸಂಬಂಧಿಸಿದ ವಿಭಾಗಗಳಲ್ಲಿ ಕೆಲಸ. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು.

ಇಲ್ಲಿ ಒಂದು ಸ್ಪಷ್ಟನೆ ಬೇಕು. ಭಾರತದ ಮೊದಲ ಮಹಿಳಾ ರಾಯಭಾರಿ ವಿಜಯಲಕ್ಷ್ಮಿ ಪಂಡಿತ್. 1947ರಲ್ಲೇ ಮಾಸ್ಕೋಗೆ ಹೋದವರು, ಆಮೇಲೆ ವಾಷಿಂಗ್ಟನ್, ಲಂಡನ್. 1953ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷರೂ ಆದರು. ಆದರೆ ಅವರದ್ದು ರಾಜಕೀಯ ನೇಮಕ. ಪರೀಕ್ಷೆ ಬರೆದು, ಕೆಳಗಿನ ಮೆಟ್ಟಿಲಿಂದ ಹತ್ತಿ ರಾಯಭಾರಿಯಾದ ಮೊದಲ ಮಹಿಳೆ ಮುತ್ತಮ್ಮ. ಬ್ರಿಟನ್ ತನ್ನ ಮೊದಲ ಮಹಿಳಾ ರಾಯಭಾರಿಯನ್ನು ಡೆನ್ಮಾರ್ಕಿಗೆ ಕಳಿಸಿದ್ದು 1976ರಲ್ಲಿ. ಅಂದರೆ ಬುಡಾಪೆಸ್ಟಿನಲ್ಲಿ ಭಾರತದ ಬಾವುಟ ಹಾಕಿದ ಕಾರಿನಲ್ಲಿ ಒಬ್ಬ ಕೊಡಗಿನ ಹೆಣ್ಣುಮಗಳು ಓಡಾಡುತ್ತಿದ್ದಾಗ ಲಂಡನ್ನಿನವರು ಇನ್ನೂ ಯೋಚನೆಯಲ್ಲೇ ಇದ್ದರು. ಹೊರಗಿನಿಂದ ನೋಡಿದವರಿಗೆ ಭಾರತ ಎಷ್ಟು ಮುಂದಿದೆ ಅನ್ನಿಸಿರಬೇಕು, ಅಲ್ವಾ?

ಹಂಗೇರಿ ಆದ ಮೇಲೆ ಘಾನಾ. ಕೊನೆಗೆ ನೆದರ್ಲೆಂಡ್ಸಿನ ಹೇಗ್.

ರಾಯಭಾರಿ ಆದ ಮೇಲೂ ಬಡ್ತಿಯ ಪ್ರಶ್ನೆ ಎಲ್ಲಿಂದ ಬಂತು ಅಂತ ಕೇಳಬಹುದು. ರಾಯಭಾರಿ ಅನ್ನುವುದು ಹುದ್ದೆ. ಗ್ರೇಡ್ ಅನ್ನುವುದು ಸೇವೆಯೊಳಗಿನ ಸ್ಥಾನ. ದೆಹಲಿಯಲ್ಲಿ ಜಂಟಿ ಕಾರ್ಯದರ್ಶಿ ದರ್ಜೆಯವರೂ ಚಿಕ್ಕ ದೇಶಕ್ಕೆ ರಾಯಭಾರಿ ಆಗಬಹುದು. ಗ್ರೇಡ್ ಒಂದು ಎಂದರೆ ಸರ್ಕಾರದ ಕಾರ್ಯದರ್ಶಿಗೆ ಸಮ. ಎಲ್ಲಕ್ಕಿಂತ ಮೇಲಿನದು. ದೊಡ್ಡ ರಾಜಧಾನಿಗಳು, ಸೌತ್ ಬ್ಲಾಕಿನ, ಅಂದರೆ ವಿದೇಶಾಂಗ ಸಚಿವಾಲಯದ, ಮೇಲಿನ ಕುರ್ಚಿಗಳು, ಜಾಸ್ತಿ ಪಿಂಚಣಿ, ಎಲ್ಲದಕ್ಕೂ ದಾರಿ ಆ ಗ್ರೇಡ್. ಕಾರಿನ ಮೇಲಿನ ಬಾವುಟ ಯಾವ ಗ್ರೇಡಿನವರಿಗೂ ಒಂದೇ. ಒಳಗಿನವರಿಗೆ ಮಾತ್ರ ವ್ಯತ್ಯಾಸ ಗೊತ್ತು.

ಆ ಗ್ರೇಡಿಗೆ ಹಿರಿತನದ ಮೇಲೆ ತಾನಾಗಿ ಹೋಗುವ ಹಾಗಿಲ್ಲ. ಆಯ್ಕೆಯಾಗಬೇಕು. ಅಧಿಕಾರಿಯ ಕೆಲಸದ ಬಗ್ಗೆ ವರ್ಷ ವರ್ಷ ಬರೆದಿಟ್ಟ ಗೌಪ್ಯ ವರದಿಗಳನ್ನು ಮೇಲಧಿಕಾರಿಗಳ ಸಮಿತಿ ನೋಡುತ್ತದೆ. ಹೆಸರುಗಳು ಸಂಪುಟದ ನೇಮಕಾತಿ ಸಮಿತಿಗೆ ಹೋಗುತ್ತವೆ. ಆ ಕಾಲದಲ್ಲಿ ಗೌಪ್ಯ ವರದಿಯಲ್ಲಿ ಏನು ಬರೆದಿದೆ ಎಂದು ಅಧಿಕಾರಿಗೆ ತೋರಿಸುತ್ತಿರಲಿಲ್ಲ. ತೀರಾ ಕೆಟ್ಟ ಷರಾ ಇದ್ದರೆ ಮಾತ್ರ ತಿಳಿಸುತ್ತಿದ್ದರು. ‘ಒಳ್ಳೆಯದು’ ಎಂದು ಬರೆದಿದ್ದರೆ ತಿಳಿಸುವ ಅಗತ್ಯ ಇಲ್ಲ. ಆದರೆ ಪಕ್ಕದವನಿಗೆ ‘ಬಹಳ ಒಳ್ಳೆಯದು’ ಎಂದು ಬರೆದಿದ್ದರೆ, ನಿಮ್ಮ ‘ಒಳ್ಳೆಯದು’ ನಿಮ್ಮನ್ನು ಮುಳುಗಿಸುತ್ತದೆ. ಯಾಕೆ ಮುಳುಗಿದಿರಿ ಎಂದು ನಿಮಗೆ ಎಂದೂ ತಿಳಿಯುವುದಿಲ್ಲ.

ಮುತ್ತಮ್ಮ ಅವರ ಹೆಸರು ಈ ಆಯ್ಕೆಯಲ್ಲಿ ಬಿದ್ದುಹೋಯಿತು. ಅವರಿಗಿಂತ ಕಿರಿಯರು ಮೇಲೆ ಹೋದರು.

ಎದುರಿಗಿದ್ದ ದಾರಿಗಳು

ಆಗ ಅವರಿಗೆ ಐವತ್ತೈದರ ಆಸುಪಾಸು. ಆಗಿನ ನಿವೃತ್ತಿಯ ವಯಸ್ಸು 58. ಉಳಿದದ್ದು ಹೆಚ್ಚೆಂದರೆ ಮೂರು ನಾಲ್ಕು ವರ್ಷ. ಸರ್ಕಾರದ ವಿರುದ್ಧ ಯಾವುದೇ ತಗಾದೆಗೆ ಇದು ಕೆಟ್ಟ ಹೊತ್ತು. ಕಡತ ಒಂದು ಮೇಜಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಬೀಳ್ಕೊಡುಗೆ ಸಮಾರಂಭ ಬಂದುಬಿಡುತ್ತದೆ.

ಹೆಚ್ಚಿನವರು ಇಲ್ಲಿ ಮೇಲಿನವರಿಗೆ ಒಂದು ಮನವಿ ಬರೆದು ಸುಮ್ಮನಾಗುತ್ತಾರೆ. ಪತ್ರಿಕೆಗೆ ಹೋಗುವ ಹಾಗಿಲ್ಲ, ಸೇವೆಯಲ್ಲಿರುವ ಅಧಿಕಾರಿ ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವುದಕ್ಕೆ ನಡತೆ ನಿಯಮಗಳು ಅಡ್ಡ ಬರುತ್ತವೆ. ರಾಜೀನಾಮೆ ಕೊಟ್ಟರೆ ಮಾತನಾಡುವ ಸ್ವಾತಂತ್ರ್ಯ ಸಿಗುತ್ತದೆ, ಆದರೆ ಮೂವತ್ತು ವರ್ಷದ ಹಿಂದೆ ಬರೆಸಿಕೊಂಡ ಮುಚ್ಚಳಿಕೆಯನ್ನು ತಾವೇ ಬೇರೆ ಕಾರಣಕ್ಕೆ ಪೂರೈಸಿದಂತೆ ಆಗುತ್ತದೆ. ಉಳಿದದ್ದು ನ್ಯಾಯಾಲಯ. ಸರ್ಕಾರಿ ಅಧಿಕಾರಿ ಸರ್ಕಾರದ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತನಾಡಬಹುದಾದ ಜಾಗ ಅದೊಂದೇ.

ಇವತ್ತಾಗಿದ್ದರೆ ಮೊದಲು ಸರ್ಕಾರಿ ನೌಕರರ ಸೇವಾ ತಕರಾರು ಕೇಳುವ ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿಗೆ ಹೋಗಬೇಕಿತ್ತು. ಆದರೆ ಅದಕ್ಕೆ ಕಾನೂನು ಬಂದದ್ದು 1985ರಲ್ಲಿ. ಮುತ್ತಮ್ಮ ಸಂವಿಧಾನದ ವಿಧಿ 32ರ ಕೆಳಗೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಮೂಲಭೂತ ಹಕ್ಕಿಗೆ ಧಕ್ಕೆಯಾಗಿದೆ ಎಂಬ ವಾದದ ಮೇಲೆ.

ಅರ್ಜಿಯನ್ನು ಅವರು ಹೇಗೆ ಕಟ್ಟಿದರು ಅನ್ನುವುದು ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದ ಭಾಗ. ಬಡ್ತಿಯ ಕೇಸಿಗೆ ಬಡ್ತಿಯಷ್ಟನ್ನೇ ಕೇಳುವುದು ವಾಡಿಕೆ. ಬೇರೆ ಏನನ್ನೂ ಎಳೆದು ತರಬೇಡಿ, ನ್ಯಾಯಾಧೀಶರಿಗೆ ಬೇಸರ ಆಗುತ್ತದೆ ಎಂದು ಯಾವ ವಕೀಲರೂ ಹೇಳುತ್ತಾರೆ. ಮುತ್ತಮ್ಮ ಎಲ್ಲವನ್ನೂ ತಂದರು. 1948ರ ಸಂದರ್ಶನ ತಂದರು. ಮುಚ್ಚಳಿಕೆ ತಂದರು. 8(2) ಮತ್ತು 18(4) ತಂದರು. ಹೆಣ್ಣೆಂಬ ಕಾರಣಕ್ಕೆ ಸೇವೆಯುದ್ದಕ್ಕೂ ಅನುಭವಿಸಿದ್ದನ್ನು ತಂದರು. ಬಡ್ತಿ ಕೊಡುವ ಸಮಿತಿಯವರಿಗೆ ಹೆಂಗಸರ ಬಗ್ಗೆ, ಒಂದು ಗುಂಪಾಗಿ, ಪೂರ್ವಗ್ರಹ ಇದೆ ಎಂದು ನೇರವಾಗಿ ಬರೆದರು. ಮೂವತ್ತು ವರ್ಷ ದೆಹಲಿಗೆ ಕೇಬಲ್‌ಗಳನ್ನು, ಅಂದರೆ ತಂತಿ ಸಂದೇಶಗಳನ್ನು, ಬರೆಯುತ್ತಾ ಪ್ರತಿ ಪದ ತೂಗಿದ ರಾಜತಾಂತ್ರಿಕರೊಬ್ಬರು ಈ ಪದಗಳನ್ನು ಹೀಗೇ ಸುಮ್ನೆ ಬರೆದಿರಲಾರರು.

ಮದುವೆಯ ನಿಯಮದಿಂದ ಅವರಿಗೆ 1979ರಲ್ಲಿ ವೈಯಕ್ತಿಕವಾಗಿ ಆಗಬೇಕಾದ ನಷ್ಟ ಏನೂ ಉಳಿದಿರಲಿಲ್ಲ. ಅವರು ಮದುವೆಯಾಗಿರಲಿಲ್ಲ. ಹಾಗಿದ್ದರೂ ಅದನ್ನು ಅರ್ಜಿಯಲ್ಲಿ ಇಟ್ಟದ್ದು ಯಾಕೆ? ಕಾಣದ ಪಕ್ಷಪಾತಕ್ಕೆ ಕಾಣುವ ಸಾಕ್ಷಿ ಬೇಕಿತ್ತು. ಸಮಿತಿಯ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಸಾಬೀತು ಮಾಡಲಾರರು. ಆದರೆ ಆ ಇಲಾಖೆ ಅಚ್ಚು ಹಾಕಿಸಿ, ಸಹಿ ಮಾಡಿ ಹೊರಡಿಸಿದ ನಿಯಮದಲ್ಲಿ ಏನಿದೆ ಎಂದು ತೋರಿಸಬಹುದು. ಇಂಥ ನಿಯಮ ಬರೆದ ಕೈಗಳು ‘ಅರ್ಹತೆ’ ಅಳೆಯುವಾಗ ಮಾತ್ರ ನಿಷ್ಪಕ್ಷಪಾತ ಆಗಿರುತ್ತವೆಯೇ ಅನ್ನುವುದು ಅವರ ವಾದದ ಒಳತಿರುಳು.

ಕೋರ್ಟಿನಲ್ಲಿ

ಪೀಠದಲ್ಲಿದ್ದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ.ಎನ್. ಸಿಂಘಾಲ್. ಸರ್ಕಾರದ ಪರ ಸಾಲಿಸಿಟರ್ ಜನರಲ್ ಸೋಲಿ ಸೊರಾಬ್ಜಿ.

ಸರ್ಕಾರ ವಾದ ಮಾಡಿ ಗೆಲ್ಲಲು ಹೋಗಲಿಲ್ಲ. ವಾದಕ್ಕೆ ವಿಷಯವೇ ಇಲ್ಲದಂತೆ ಮಾಡಲು ಹೊರಟಿತು. 18(4)ನ್ನು 1973ರ ನವೆಂಬರ್ 12ರಂದೇ ತೆಗೆದುಹಾಕಿದ್ದೇವೆ ಎಂದಿತು. 8(2)ನ್ನೂ ತೆಗೆಯುತ್ತಿದ್ದೇವೆ, ಗೆಜೆಟ್‌ನಲ್ಲಿ ಬರುವುದಷ್ಟೇ ಬಾಕಿ ಎಂದು ಅಫಿಡವಿಟ್ ಹಾಕಿತು. ಕೊನೆಯ ಅಸ್ತ್ರ ದೊಡ್ಡದು: ಮುತ್ತಮ್ಮನವರಿಗೆ ಬಡ್ತಿ ಕೊಟ್ಟಾಗಿದೆ. ಕೆಲವು ತಿಂಗಳ ಹಿಂದೆ ಸಾಲದಿದ್ದ ಅರ್ಹತೆ, ಅರ್ಜಿ ಇತ್ಯರ್ಥ ಆಗುವುದರೊಳಗೆ ಸಾಲುವಷ್ಟಾಗಿತ್ತು! ಮೂವತ್ತು ವರ್ಷದ ಸೇವಾ ದಾಖಲೆ ಕೆಲವೇ ತಿಂಗಳಲ್ಲಿ ಎಷ್ಟು ಬದಲಾಗಲು ಸಾಧ್ಯ?

ಇದು ಹಳೆಯ ಉಪಾಯ. ಕೇಳಿದ್ದನ್ನು ಕೊಟ್ಟುಬಿಡು, ಕೇಸು ತಾನಾಗಿ ಸಾಯುತ್ತದೆ. ಕೆಟ್ಟ ತೀರ್ಪು ಬಂದು ಅದು ಎಲ್ಲರಿಗೂ ಅನ್ವಯ ಆಗುವುದಕ್ಕಿಂತ ಒಬ್ಬರಿಗೆ ಕೊಟ್ಟು ಕೈ ತೊಳೆದುಕೊಳ್ಳುವುದು ಸರ್ಕಾರಕ್ಕೆ ಅಗ್ಗ. ಅರ್ಜಿ ಬಡ್ತಿಯೊಂದರ ಮೇಲೆ ನಿಂತಿದ್ದರೆ ‘ಅರ್ಜಿದಾರರಿಗೆ ಬಡ್ತಿ ಸಿಕ್ಕಿದೆ, ಅರ್ಜಿ ಇತ್ಯರ್ಥವಾಯಿತು’ ಎಂದು ಎರಡು ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ಯಾರಿಗೂ ಅದರ ಹೆಸರೂ ಗೊತ್ತಿರುತ್ತಿರಲಿಲ್ಲ. ನಿಯಮಗಳೂ ಅರ್ಜಿಯ ಒಳಗೇ ಇದ್ದದ್ದರಿಂದ ಕೋರ್ಟಿಗೆ ಮಾತನಾಡಲು ಜಾಗ ಸಿಕ್ಕಿತು.

ಕೃಷ್ಣ ಅಯ್ಯರ್ ಮಾತನಾಡಿದರು. ಅವರ ಇಂಗ್ಲಿಷ್ ಗೊತ್ತಿರುವವರಿಗೆ ಗೊತ್ತು, ಅದು ಸಣ್ಣ ದನಿಯಲ್ಲಿ ಬರುವುದಿಲ್ಲ. ಈ ಕಥೆ ಓದಿದರೆ ವಿಧಿ 14 ಮತ್ತು 16 ನಿಜವೋ ಕಟ್ಟುಕಥೆಯೋ ಎಂಬ ಅನುಮಾನ ಬರುತ್ತದೆ ಎಂದು ತೀರ್ಪು ಶುರುವಾಗುತ್ತದೆ. ಸಂಸಾರದ ಹೊಣೆ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕೆಲಸಕ್ಕೂ ಆಗಬಹುದಲ್ಲ ಎಂದು ಕೇಳುತ್ತದೆ. ಮದುವೆಯಾದ ಗಂಡಿಗೆ ಇರುವ ಹಕ್ಕು, ಉಳಿದೆಲ್ಲ ಸಮ ಇದ್ದಾಗ, ಮದುವೆಯಾದ ಹೆಣ್ಣಿಗೂ ಇದೆ ಅನ್ನುತ್ತದೆ. ಪುಸ್ತಕದಲ್ಲಿರುವ ಸಂವಿಧಾನಕ್ಕೂ ನಡೆಯುವ ಕಾನೂನಿಗೂ ನಡುವಿನ ದೂರವನ್ನು ನೆನೆದು ವಿಷಾದ ಪಡುತ್ತದೆ. ನನಗೆ ಜಾಸ್ತಿ ತಟ್ಟಿದ್ದು ಇನ್ನೊಂದು ಮಾತು. ಇಷ್ಟು ದೊಡ್ಡ ಅಧಿಕಾರಿಗಳೇ ಸಮಾನ ನ್ಯಾಯದ ಆಸೆ ಬಿಟ್ಟರೆ, ಕೋರ್ಟಿನ ಖರ್ಚು ಭರಿಸಲಾಗದ ಸಾಮಾನ್ಯರ ಪಾಡೇನು ಎಂದು ತೀರ್ಪು ಕೇಳುತ್ತದೆ. ಮುತ್ತಮ್ಮನವರ ಸಂಕಟವನ್ನು ಅವರೊಬ್ಬರಿಗೇ ಬಿಡದ ಮಾತು ಅದು.

ಆಮೇಲೆ ತೀರ್ಪಿನ ಪ್ರಸಿದ್ಧ ಸಾಲು: ಅರ್ಜಿಯನ್ನು ವಜಾ ಮಾಡುತ್ತೇವೆ, ಸಮಸ್ಯೆಯನ್ನಲ್ಲ.

ಅದರ ಜೊತೆ ಎರಡು ಸೂಚನೆ ಇದ್ದವು. ಬಡ್ತಿ ಬೇಡ ಎಂದ ಮೌಲ್ಯಮಾಪನಕ್ಕೂ ಬಡ್ತಿ ಕೊಟ್ಟ ಮೌಲ್ಯಮಾಪನಕ್ಕೂ ನಡುವಿನ ತಿಂಗಳುಗಳಲ್ಲಿ ಮುಂದೆ ಹೋದವರ ಎದುರು ಮುತ್ತಮ್ಮನವರ ಹಿರಿತನವನ್ನು ಮತ್ತೆ ಪರಿಶೀಲಿಸಿ ಎಂಬುದು ಒಂದು. ಬಡ್ತಿ ತಡವಾಗಿ ಬಂದರೆ ಪೂರ್ತಿ ಬಂದಂತೆ ಅಲ್ಲ ಎಂಬುದು ಪೀಠಕ್ಕೆ ಅರ್ಥವಾಗಿತ್ತು. ಹಿರಿತನದ ಪಟ್ಟಿಯಲ್ಲಿ ಒಂದು ಸಲ ಕೆಳಗೆ ಬಿದ್ದರೆ ಆ ಜಾಗ ನಿವೃತ್ತಿಯವರೆಗೂ ಬೆನ್ನು ಬಿಡುವುದಿಲ್ಲ. ಎಲ್ಲ ಸೇವಾ ನಿಯಮಗಳನ್ನೂ ತಿರುವಿ ನೋಡಿ, ಲಿಂಗಭೇದದ ಕಲೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ತೆಗೆಯಿರಿ, ಇಂಥ ಇನ್ನೊಂದು ಅರ್ಜಿ ಬರಲಿ ಎಂದು ಕಾಯಬೇಡಿ ಎಂಬುದು ಇನ್ನೊಂದು.

ಗೆದ್ದವರು ಯಾರು

ಲೆಕ್ಕದ ಪುಸ್ತಕದಲ್ಲಿ ಸರ್ಕಾರ ಗೆದ್ದಿತು. ಅರ್ಜಿ ವಜಾ. ನಿಯಮ ಅಸಾಂವಿಧಾನಿಕ ಎಂದು ಕೋರ್ಟ್ ವಿಧಿಬದ್ಧವಾಗಿ ಘೋಷಿಸಲಿಲ್ಲ, ಯಾಕೆಂದರೆ ಅದು ಹೇಗೂ ಹೊರಟಿತ್ತು. ಆಯ್ಕೆ ಸಮಿತಿಯ ಪಕ್ಷಪಾತದ ಆರೋಪವನ್ನು ಕೆದಕಲಿಲ್ಲ. ಅಂದರೆ ಮುತ್ತಮ್ಮ ಕೇಳಿದ ಅತಿ ಕಷ್ಟದ ಪ್ರಶ್ನೆಗೆ, ‘ಅರ್ಹತೆ’ಯ ಹೆಸರಲ್ಲಿ ನಡೆಯುವ ಪಕ್ಷಪಾತವನ್ನು ಹಿಡಿಯುವುದು ಹೇಗೆ ಎಂಬುದಕ್ಕೆ, ಉತ್ತರ ಸಿಗಲಿಲ್ಲ. ಸಿಕ್ಕಿದ್ದು ಸುಲಭದ ಪ್ರಶ್ನೆಗೆ ಉತ್ತರ.

ತೀರ್ಪಿನಲ್ಲಿ ಒಂದು ಬಾಗಿಲನ್ನೂ ತೆರೆದಿಟ್ಟಿದ್ದರು. ಎಲ್ಲ ಕೆಲಸದಲ್ಲಿ, ಎಲ್ಲ ಸಂದರ್ಭದಲ್ಲಿ ಗಂಡು ಹೆಣ್ಣು ಸಮ ಎಂದು ನಾವು ಹೇಳುತ್ತಿಲ್ಲ, ಕೆಲವು ಕೆಲಸಗಳ ಅಗತ್ಯ ಬೇರೆ ಇರಬಹುದು ಎಂಬ ಮಾತು. ಆ ವ್ಯತ್ಯಾಸವನ್ನು ತೋರಿಸಿಕೊಡಬೇಕು ಎಂಬ ಷರತ್ತೂ ಜೊತೆಗಿತ್ತು, ನಿಜ. ಎರಡೇ ವರ್ಷದಲ್ಲಿ, 1981ರ ಏರ್ ಇಂಡಿಯಾ ಪ್ರಕರಣದಲ್ಲಿ, ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಗಗನಸಖಿಯರು ಗರ್ಭಿಣಿಯಾದರೆ ಕೆಲಸದಿಂದ ತೆಗೆಯುವ ನಿಯಮವನ್ನು ಹೊಡೆದುಹಾಕಿತು. ಆದರೆ ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆಯಾಗಬಾರದು ಎಂಬ ನಿಯಮವನ್ನು ಸರಿ ಎಂದು ಉಳಿಸಿತು. ರಾಯಭಾರಿಗೆ ಸಿಕ್ಕ ಮಾತು ಗಗನಸಖಿಗೆ ಅರ್ಧ ಮಾತ್ರ ಸಿಕ್ಕಿತು.

ಎಲ್ಲ ನಿಯಮಗಳನ್ನೂ ತಿರುವಿ ನೋಡಿ ಎಂದ ಸೂಚನೆಯ ಗತಿ ಏನಾಯಿತು? ತೀರ್ಪು ಬಂದ ದಿನ ಸೇನೆಯ ನರ್ಸಿಂಗ್ ಸೇವೆಗೆ 1977ರ ಒಂದು ಸೂಚನೆ ಜಾರಿಯಲ್ಲಿತ್ತು. ಅದರ ಪ್ರಕಾರ ಮದುವೆ ಕೆಲಸದಿಂದ ಬಿಡುಗಡೆ ಮಾಡಲು ಒಂದು ಕಾರಣ. ಯಾರೂ ಅದನ್ನು ತಿರುವಿ ನೋಡಲಿಲ್ಲ. 1988ರಲ್ಲಿ ಆ ಸೇವೆಯ ಅಧಿಕಾರಿಯೊಬ್ಬರನ್ನು ಮದುವೆಯಾದ ಕಾರಣಕ್ಕೆ ಮನೆಗೆ ಕಳಿಸಿದರು. ಆ ಸೂಚನೆ ವಾಪಸಾದದ್ದು 1995ರಲ್ಲಿ. ಅವರಿಗೆ ಸುಪ್ರೀಂ ಕೋರ್ಟಿನಿಂದ 60 ಲಕ್ಷ ರೂಪಾಯಿ ಪರಿಹಾರದ ಆದೇಶ ಸಿಕ್ಕಿದ್ದು 2024ರ ಫೆಬ್ರುವರಿಯಲ್ಲಿ. ಮುತ್ತಮ್ಮ ತೀರ್ಪು ಬಂದು ಆಗಲೇ ನಲವತ್ತನಾಲ್ಕು ವರ್ಷ ದಾಟಿತ್ತು.

ಹಾಗಂತ ಅರ್ಜಿ ವ್ಯರ್ಥ ಅನ್ನಲಾರೆ. ವಿದೇಶಾಂಗ ಸೇವೆಯಲ್ಲಿ ಮದುವೆಯ ನಿಯಮ ಮತ್ತೆ ತಲೆ ಎತ್ತಲಿಲ್ಲ. 1960 ಮತ್ತು 70ರ ದಶಕದಲ್ಲಿ ಸೇವೆಗೆ ಸೇರಿದ ಹೆಣ್ಣುಮಕ್ಕಳು ಮದುವೆಯಾಗಿ, ಮಕ್ಕಳನ್ನು ಬೆಳೆಸಿ, ಮೇಲಕ್ಕೂ ಹೋದರು. 2001ರಲ್ಲಿ ಚೋಕಿಲಾ ಅಯ್ಯರ್ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿ ಆದರು. 2009ರಲ್ಲಿ ನಿರುಪಮಾ ರಾವ್ ಆದರು. ಅವರ ಪತಿ ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿದ್ದವರು. 1961ರ ನಿಯಮದ ಪ್ರಕಾರ ಇಂಥ ಸಂಸಾರ ‘ಅಡ್ಡಿ’ ಅನ್ನಿಸಿಕೊಳ್ಳಬಹುದಿತ್ತು.

ನಿವೃತ್ತಿಯ ಸುತ್ತಮುತ್ತ

ಕೇಸು ಹಾಕಿದ ಅಧಿಕಾರಿಯನ್ನು ವ್ಯವಸ್ಥೆ ಮೂಲೆಗೆ ತಳ್ಳುವುದು ಸಾಮಾನ್ಯ. ಮುತ್ತಮ್ಮನವರ ಹೆಸರು ಅಷ್ಟರಲ್ಲಿ ಹೊರಗೂ ಗೊತ್ತಾಗಿತ್ತು. ಸ್ವೀಡನ್ನಿನ ಪ್ರಧಾನಿಯಾಗಿದ್ದ ಓಲೋಫ್ ಪಾಮೆ 1980ರಲ್ಲಿ ನಿಶ್ಶಸ್ತ್ರೀಕರಣ ಮತ್ತು ಭದ್ರತೆ ಕುರಿತು ಒಂದು ಸ್ವತಂತ್ರ ಆಯೋಗ ಕಟ್ಟಿದಾಗ ಭಾರತದಿಂದ ಅದರಲ್ಲಿ ಕೂತವರು ಮುತ್ತಮ್ಮ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಸೈರಸ್ ವಾನ್ಸ್, ಬ್ರಿಟನ್ನಿನ ಡೇವಿಡ್ ಓವನ್, ನೈಜೀರಿಯಾದ ಒಬಸಾಂಜೊ, ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಆ ಮೇಜಿನ ಸುತ್ತ ಇದ್ದವರಲ್ಲಿ ಕೆಲವರು. ಕೆಲ ಸಮಯದ ಹಿಂದೆಯಷ್ಟೇ ಸ್ವಂತ ಇಲಾಖೆಗೆ ಸಾಲದಿದ್ದ ಅರ್ಹತೆ ಅಲ್ಲಿ ಸಾಲಿತ್ತು.

1982ರಲ್ಲಿ ನಿವೃತ್ತರಾದರು. ಆಡಳಿತದ ಬಗ್ಗೆ ಬರೆದರು, ಕೊಡವ ಅಡುಗೆಯ ಬಗ್ಗೆ ಇನ್ನೊಬ್ಬರ ಜೊತೆ ಸೇರಿ ಒಂದು ಪುಸ್ತಕವನ್ನೂ ಬರೆದರು. 2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 85.

ಇನ್ನು ಆ ಗೌಪ್ಯ ವರದಿಯ ವಿಷಯ. ವಾರ್ಷಿಕ ವರದಿಯ ಪ್ರತಿಯೊಂದು ಷರಾವನ್ನೂ, ಒಳ್ಳೆಯದಿರಲಿ ಕೆಟ್ಟದಿರಲಿ, ನೌಕರರಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ ದೇವ್ ದತ್ ಪ್ರಕರಣದಲ್ಲಿ ಹೇಳಿದ್ದು 2008ರ ಮೇ ತಿಂಗಳಲ್ಲಿ. ಈಗ ಅಧಿಕಾರಿ ತನ್ನ ಅಂಕ ನೋಡಬಹುದು, ಒಪ್ಪದಿದ್ದರೆ ಮನವಿ ಕೊಡಬಹುದು, ನ್ಯಾಯಮಂಡಳಿಗೂ ಹೋಗಬಹುದು. ಆದರೆ ಕಾರ್ಯದರ್ಶಿ ದರ್ಜೆಗೆ ಯಾರು ಎಂದು ಕೊನೆಯ ಪಟ್ಟಿ ತಯಾರಾಗುವ ಕೋಣೆಯ ಬಾಗಿಲು ಇವತ್ತಿಗೂ ಮುಚ್ಚಿಯೇ ಇದೆ. ಹೆಸರು ಬಿಟ್ಟುಹೋದವರಿಗೆ ಕಾರಣ ಹೇಳುವ ಪದ್ಧತಿ ಇಲ್ಲ.